ಸೈಕಲ್ ಅಂಗಡಿಯ ಜಮಾ-ಖರ್ಚು

ಹಿಡಕಲ್ ಡ್ಯಾಮಿನ ನೀರು ಹರಿಯೋ ಹುಕ್ಕೇರಿ, ಗೋಕಾಕ ಕಡೆ ಬೆಳೆದ ನಮಗೆ ಕಿರ್ಲೋಸ್ಕರ್ ಅಂದ್ರೆ ಪಂಪ್‌ಸೆಟ್. ಆ ಹೆಸರಿನ ಹಿಂದಿರುವ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಜಿಲ್ಲೆಯವರೇ ಅನ್ನೋದು ಎಷ್ಟು ಮಂದಿಗೆ ಗೊತ್ತು?

ಹುಟ್ಟಿದ್ದು 1869ರಲ್ಲಿ, ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯೋಕೆ ಮುಂಬೈಗೆ ಹೋದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ತಿಳೀತಿರಲಿಲ್ಲ. ಬ್ರಷ್ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು, ಮುಂದೆ ಅದನ್ನೇ ಕಲಿಸುವ ಮಾಸ್ತರರಾದರು. ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣ ರಾಮುಅಣ್ಣನ ಜೊತೆ 1888ರಲ್ಲಿ ಶುರುಮಾಡಿದ್ದ ಸೈಕಲ್ ಅಂಗಡಿ ಇತ್ತು.

ಈ ಅಂಗಡಿಯನ್ನ ಇವತ್ತಿನ ಜರ್ನಲ್ ಎಂಟ್ರಿಯಲ್ಲಿ ಬರೆದು ನೋಡೋಣ. ಪ್ರತಿ ವ್ಯವಹಾರಕ್ಕೂ ಎರಡು ಬದಿ:

ಸ್ವಂತ ಹಣ ಹಾಕಿದ್ದು: ನಗದು ಡೆಬಿಟ್, ಬಂಡವಾಳ ಕ್ರೆಡಿಟ್.
ಉದ್ರಿ ಮೇಲೆ ಸೈಕಲ್ ತಂದರೆ: ಖರೀದಿ ಡೆಬಿಟ್, ಕೊಟ್ಟವರ ಖಾತೆ ಕ್ರೆಡಿಟ್.
ಸವಾರಿ ಕಲಿಸಿ ಫೀ ತಗೊಂಡರೆ: ನಗದು ಡೆಬಿಟ್, ಫೀ ಆದಾಯ ಕ್ರೆಡಿಟ್.

ಇಲ್ಲಿತನಕ ಸುಲಭ. ಕಷ್ಟ ಶುರುವಾಗಿದ್ದು ಕಬ್ಬಿಣದ ನೇಗಿಲಿನಿಂದ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತೆ ಅಂತ ರೈತರು ನಂಬಿದ್ದರು. ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು. ಕಬ್ಬಿಣ, ಕೂಲಿ ಡೆಬಿಟ್ ಆಗ್ತಾನೇ ಇತ್ತು, ನಗದು ಕ್ರೆಡಿಟ್ ಆಗ್ತಾನೇ ಇತ್ತು. ಮಾರಾಟದ ಎಂಟ್ರಿ ಮಾತ್ರ ಇಲ್ಲ. ಎಷ್ಟೇ ಚಂದದ ಡಿಸೈನ್ ಇರಲಿ, ಗಿರಾಕಿ ಕೊಳ್ಳೋವರೆಗೂ ಅದು ಆದಾಯ ಅಲ್ಲ, ಬರೀ ದಾಸ್ತಾನು.

ಅಷ್ಟರಲ್ಲಿ ಊರಿನ ಪುರಸಭೆಯ ನಿರ್ಬಂಧದಿಂದ ವರ್ಕ್‌ಶಾಪಿನ ಜಾಗವೂ ಹೋಯ್ತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಹತ್ತಿರ ಕಾರ್ಖಾನೆ ಕಟ್ಟೋಕೆ ಅವಕಾಶ ಕೊಟ್ಟರು. ಲಕ್ಷ್ಮಣರಾಯರು 10,000 ರೂಪಾಯಿ ಸಾಲ ಎತ್ತಿದರು. ನಗದು ಡೆಬಿಟ್, ಸಾಲ ಕ್ರೆಡಿಟ್. ಕೈಯಲ್ಲಿ ದುಡ್ಡು ಬಂತು, ಆದರೆ ಲಾಭ ಒಂದು ಪೈಸೆಯೂ ಬರಲಿಲ್ಲ, ತಲೆ ಮೇಲಿನ ಭಾರ ಅಷ್ಟೇ ಏರಿತು. ಆ ಭಾರ ಹೊತ್ತು 1910ರಲ್ಲಿ ಬರಡು ನೆಲದ ಮೇಲೆ ಕಿರ್ಲೋಸ್ಕರ್‌ವಾಡಿ ಎದ್ದಿತು. ನೇಗಿಲು, ಮೇವು ಕತ್ತರಿಸುವ ಯಂತ್ರ ಅಲ್ಲಿಂದ ಊರೂರಿಗೆ ಹೋದವು. 1956ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಕಿರ್ಲೋಸ್ಕರ್ ಅನ್ನೋದು ದೇಶಕ್ಕೇ ಗೊತ್ತಿದ್ದ ಹೆಸರು.

ಗೆಳೆಯರೇ, ನಮ್ಮಲ್ಲೂ ಫೈನಲ್ ಇಯರ್ ಪ್ರಾಜೆಕ್ಟನ್ನೇ ಕಂಪನಿ ಮಾಡೋ ಕನಸಿನವರು ಇದ್ದೀವಿ. ತಗೊಳ್ತೀವಿ ಅಂತ ಬಾಯಿಮಾತಲ್ಲಿ ಹೇಳಿದವರನ್ನೆಲ್ಲ ಆದಾಯದ ಬದಿಗೆ ಸೇರಿಸೋದು ಬೇಡ. ಮನೆಯವರು ಕೊಟ್ಟ ಸಾಲವನ್ನ ಲಾಭ ಅಂತ ಎಣಿಸೋದೂ ಬೇಡ. ಎರಡೂ ಬದಿ ಬರೆದಿಡೋಣ. ಮೊದಲ ನೇಗಿಲು ಮಾರಾಟವಾಗೋ ದಿನದವರೆಗೆ ಎಷ್ಟು ದಿನ ತಡಕೊಳ್ಳಬಹುದು ಅಂತ ಆ ಪುಸ್ತಕವೇ ನಮಗೆ ಹೇಳುತ್ತೆ.