ಮಾಟಗಾತಿ ಬೇಟೆಗಾರನ ಲೆಕ್ಕಪತ್ರ

1968ರ ಬ್ರಿಟಿಷ್ ಚಿತ್ರ ‘ವಿಚ್‌ಫೈಂಡರ್ ಜನರಲ್’ ಅನ್ನು ಮೊದಲ ಸಲ ನೋಡಿದಾಗ ನಾನು ಅರ್ಧಕ್ಕೇ ಎದ್ದುಬಿಟ್ಟಿದ್ದೆ. ಹೆಂಗಸರ ನರಳಾಟವನ್ನು ತೋರಿಸಿ ಹಣ ಮಾಡುವ ಅಗ್ಗದ ಚಿತ್ರಗಳಲ್ಲಿ ಇದೂ ಒಂದೆಂದು ತೀರ್ಮಾನಿಸಿದ್ದೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಅದಕ್ಕೆ ಕತ್ತರಿ ಹಾಕಿತ್ತು. ನಾಟಕಕಾರ ಅಲನ್ ಬೆನೆಟ್ ಕಟುವಾಗಿ ಖಂಡಿಸಿದ್ದರು. ನಿರ್ದೇಶಕ ಮೈಕೆಲ್ ರೀವ್ಸ್ 1969ರಲ್ಲಿ, ಕೇವಲ 25ರ ವಯಸ್ಸಿನಲ್ಲಿ ತೀರಿಕೊಂಡರು. ನನ್ನ ತೀರ್ಪನ್ನು ಮರುಪರಿಶೀಲಿಸುವಂತೆ ಮಾಡಿದ್ದು ಚಿತ್ರದ ಖಳನಾಯಕನ ನಿಜವಾದ ಬದುಕು.

ಮ್ಯಾಥ್ಯೂ ಹಾಪ್ಕಿನ್ಸ್ ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗ. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು ಆಡಳಿತ ಹದಗೆಟ್ಟಿದ್ದ ಕಾಲ. 1645ರಲ್ಲಿ ಎಸೆಕ್ಸ್‌ನ ಮ್ಯಾನಿಂಗ್‌ಟ್ರೀ ಎಂಬಲ್ಲಿ ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿ ಕಾಲಿನ ಮುದುಕಿಯ ಮೇಲೆ ಹೊರಿಸಿದ ಆರೋಪದಿಂದ ಅವನ ಉದ್ಯೋಗ ಆರಂಭವಾಯಿತು. ಚಿತ್ರಹಿಂಸೆ ಕಾನೂನಿಗೆ ವಿರುದ್ಧವಾಗಿತ್ತು. ಹಾಗಾಗಿ ರಾತ್ರಿಗಟ್ಟಲೆ ನಿದ್ದೆಗೆಡಿಸಿ, ನಡೆಸಿ, ಕಟ್ಟಿಹಾಕಿ ನೀರಿಗಿಳಿಸಿ ತಪ್ಪೊಪ್ಪಿಗೆ ಪಡೆಯಲಾಗುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ಒಂದೇ ದಿನ 18 ಮಂದಿ ಗಲ್ಲಿಗೇರಿದರು. ಅವರಲ್ಲೊಬ್ಬರು ಜಾನ್ ಲೋವ್ಸ್ ಎಂಬ ವೃದ್ಧ ಪಾದ್ರಿ, ಚಿತ್ರದಲ್ಲೂ ಅವರಿದ್ದಾರೆ. ಎರಡು ವರ್ಷಗಳ ಈ ಬೇಟೆಗೆ ಬಲಿಯಾದವರು ಸುಮಾರು 100 ಮಂದಿ ಎಂಬ ಅಂದಾಜಿದೆ.

‘ಜನರಲ್’ ಎಂಬುದು ಸರ್ಕಾರ ಕೊಟ್ಟ ಹುದ್ದೆಯಲ್ಲ. ಅವನು ಆದೇಶ ಹಿಡಿದು ಹೋಗುತ್ತಿರಲಿಲ್ಲ. ಊರುಗಳೇ ಕರೆಸಿಕೊಳ್ಳುತ್ತಿದ್ದವು, ಹಣವನ್ನೂ ಕೊಡುತ್ತಿದ್ದವು. ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನ ಕಣ್ಣು ಸಹಜವಾಗಿಯೇ ಅಲ್ಲಿ ನಿಂತಿತು. ಊರಿಗೆ 20 ಶಿಲಿಂಗ್ ಮಾತ್ರ ಪಡೆಯುತ್ತಿದ್ದೆನೆಂದು ಅವನು ತನ್ನ ಪುಸ್ತಕದಲ್ಲಿ ಸಮರ್ಥಿಸಿಕೊಂಡ. ಆದರೆ ಸ್ಟೋಮಾರ್ಕೆಟ್ ಎಂಬ ಒಂದೇ ಪಟ್ಟಣಕ್ಕೆ 23 ಪೌಂಡ್ ವೆಚ್ಚವಾಯಿತು. ದಿನಗೂಲಿ ಆರು ಪೆನ್ಸ್ ಎಂದು ಹಿಡಿದರೆ ಅದು ಕೂಲಿಯಾಳೊಬ್ಬನ 920 ದಿನಗಳ ದುಡಿಮೆ. ಬಡ ಮುದುಕಿಯರನ್ನು ಕೊಲ್ಲಿಸಲು ಊರೇ ವಂತಿಗೆ ಎತ್ತಿದಂತಾಯಿತು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಚಿತ್ರವನ್ನು ಮತ್ತೆ, ಈ ಬಾರಿ ಪೂರ್ತಿ, ನೋಡಿದೆ. ಮೂವತ್ತೂ ತುಂಬದ ಹಾಪ್ಕಿನ್ಸ್‌ನ ಪಾತ್ರಕ್ಕೆ ಐವತ್ತು ದಾಟಿದ ವಿನ್ಸೆಂಟ್ ಪ್ರೈಸ್ ಅವರನ್ನು ಹಾಕಿದ್ದು ಇತಿಹಾಸಕ್ಕೆ ಒಗ್ಗದು. ಆದರೆ ಅವರ ಹಾಪ್ಕಿನ್ಸ್ ಅಬ್ಬರಿಸುವುದಿಲ್ಲ; ತಣ್ಣಗೆ ಕೆಲಸ ಮುಗಿಸಿ ಸಂಬಳ ಎಣಿಸುತ್ತಾನೆ. ಹಿಂಸೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸುಮ್ಮನೆ ನಿಂತು ನೋಡುವ ಜನ. ಹೆಂಗಸನ್ನು ಸುಟ್ಟ ಬೆಂಕಿಯ ಬೂದಿಯಲ್ಲಿ ಮಕ್ಕಳು ಆಲೂಗಡ್ಡೆ ಸುಟ್ಟುಕೊಳ್ಳುತ್ತಾರೆ. ಇದು ಅಗ್ಗದ ಚಿತ್ರ ಹೌದೋ ಅಲ್ಲವೋ ಎಂಬ ನನ್ನ ಹಳೆಯ ಪ್ರಶ್ನೆ ಅಲ್ಲಿಗೆ ಸಣ್ಣದಾಯಿತು.

1646ರಲ್ಲಿ ಜಾನ್ ಗಾಲ್ ಎಂಬ ಪಾದ್ರಿ ಬಹಿರಂಗವಾಗಿ ವಿರೋಧಿಸಿದ ಮೇಲೆ ಹಾಪ್ಕಿನ್ಸ್‌ನ ಪ್ರಭಾವ ಕುಗ್ಗತೊಡಗಿತು. 1647ರ ಆಗಸ್ಟ್‌ನಲ್ಲಿ ಅವನು ಸತ್ತ, ಬಹುಶಃ ಕ್ಷಯದಿಂದ. ಯಾವ ನ್ಯಾಯಾಲಯವೂ ಅವನನ್ನು ದಂಡಿಸಲಿಲ್ಲ. ಚಿತ್ರದಲ್ಲಾದರೋ ನಾಯಕ ಕೊಡಲಿ ಎತ್ತುತ್ತಾನೆ. ಕೊಚ್ಚುವುದನ್ನು ನೋಡಲಾರದೆ ಗೆಳೆಯನೊಬ್ಬ ಹಾಪ್ಕಿನ್ಸ್‌ಗೆ ಗುಂಡಿಕ್ಕುತ್ತಾನೆ. ತನ್ನ ಬೇಟೆ ಕೈತಪ್ಪಿತೆಂದು ನಾಯಕ ಹುಚ್ಚನಂತೆ ಕಿರುಚುತ್ತಾನೆ. ಅವನನ್ನು ನೋಡುತ್ತ ಅವನ ಹೆಂಡತಿ ಚೀರುತ್ತಲೇ ಇರುತ್ತಾಳೆ. ಅಂದು ಎದ್ದುಹೋಗಿದ್ದ ನಾನು ಕಾಣದೇ ಉಳಿದಿದ್ದು ಈ ದೃಶ್ಯವನ್ನೇ.