ಈರ್ಯಾಸಮಿತಿಯ ಪಥಿಕ ಆಚಾರ್ಯ ಶಾಂತಿಸಾಗರರು

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಕ್ರಿ. ಶ. ೧೮೭೨ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಭೀಮಗೌಡ, ಸತ್ಯವತಿ ದಂಪತಿಗಳಿಗೆ ಜನಿಸಿದರು. ಪೂರ್ವಾಶ್ರಮದ ನಾಮ ಸಾತಗೌಡ. ೧೯೨೦ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆ ಧರಿಸಿದ ಮೇಲೆ ಅವರಿಗೆ ವಾಹನವಿಲ್ಲ, ಪಾದರಕ್ಷೆಯಿಲ್ಲ, ನಡಿಗೆಯೇ ವ್ರತವಾಯಿತು.

ಹಗಲಿನ ಬೆಳಕಿನಲ್ಲಿ, ಜನ ದನ ತುಳಿದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ, ಜೀವಿಗಳಿಗೆ ಬಾಧೆಯಾಗದಂತೆ ಅಡಿಯಿಡುವುದೇ ಈರ್ಯಾಸಮಿತಿ. ದೃಷ್ಟಿಯು ನೆಲದಲ್ಲಿ ನಿಂತಾಗ ಮನಸ್ಸು ಹೊರಗೆ ಹರಿಯದೆ ಆತ್ಮದಲ್ಲಿ ನೆಲೆಗೊಳ್ಳುತ್ತದೆ. ಹೀಗೆಯೇ ನಡೆಯುತ್ತ ೧೯೨೭ರಲ್ಲಿ ಅವರು ಸಂಘಸಹಿತ ದಕ್ಷಿಣದಿಂದ ಸಮ್ಮೇದಶಿಖರಕ್ಕೆ ವಿಹಾರ ಹೊರಟರು. ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲುವರು. ರೋಣ, ನರಗುಂದಗಳ ಎರೆನೆಲದಲ್ಲಿ ಮಳೆ ಬಿದ್ದೊಡನೆ ಹುಳುಗಳೇಳುವುದನ್ನು ಕಂಡ ಶ್ರಾವಕರಿಗೆ ಚಾತುರ್ಮಾಸದ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ವೃದ್ಧಾಪ್ಯದಲ್ಲಿ ಮಹಾರಾಜರ ಕಣ್ಣಿನ ಬೆಳಕು ಕುಂದಿತು. ನೆಲ ಕಾಣದೆ ಸಮಿತಿಯ ಪಾಲನೆಯಿಲ್ಲ; ಸಮಿತಿಯಿಲ್ಲದೆ ಅಹಿಂಸಾ ಮಹಾವ್ರತ ಉಳಿಯದು. ದೇಹಕ್ಕಾಗಿ ವ್ರತವನ್ನು ಸಡಿಲಿಸಲು ಅವರು ಒಪ್ಪಲಿಲ್ಲ. ೧೯೫೫ರ ಆಗಸ್ಟಿನಲ್ಲಿ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ ಸಲ್ಲೇಖನ ಸ್ವೀಕರಿಸಿ, ಸೆಪ್ಟೆಂಬರ್ ೧೮ರಂದು ಸಮಾಧಿಸ್ಥರಾದರು.

ಗೃಹಸ್ಥರಿಗೆ ಮಹಾವ್ರತ ನಿಲುಕದಿರಬಹುದು. ಪರ್ವದಿನದಲ್ಲಿ ಬಸದಿಗೆ ಹೋಗುವಾಗಲಾದರೂ ನೆಲ ನೋಡಿ, ಮೌನದಿಂದ ನಡೆಯುವುದು ಎಲ್ಲರಿಗೂ ಸಾಧ್ಯ.