ಡಾಕ್ಟರ್ ಫ್ಲೀಟರು

ಬೆಳಗಾವಿಯ ಗಡಿವಿವಾದವನ್ನು ಕುರಿತು ಪುಣೆಯ ಕನ್ನಡಿಗರಾದ ನಾವು ಎಳವೆಯಿಂದಲೂ ಎರಡೂ ಕಡೆಯ ಮಾತುಗಳನ್ನು ಕೇಳುತ್ತ ಬಂದಿದ್ದೇವೆ. ಈ ವಾದದಲ್ಲಿ ನಮ್ಮ ಹಿರಿಯರು ಮತ್ತೆ ಮತ್ತೆ ಹೇಳುವ ಹೆಸರೊಂದುಂಟು. ಅದು ಕನ್ನಡಿಗರದೂ ಅಲ್ಲ, ಮರಾಠಿಗರದೂ ಅಲ್ಲ. ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯದು.

1847ರಲ್ಲಿ ಜನಿಸಿದ ಫ್ಲೀಟರು ಲಂಡನ್ನಿನಲ್ಲಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದರು. ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳ ತನಿಖಾಧಿಕಾರಿಯಾಗಿದ್ದರು, ಸೊಲ್ಲಾಪುರದ ಕಲೆಕ್ಟರರಾದರು, ಮುಂದೆ ಮಧ್ಯ ವಿಭಾಗದ ಕಮಿಶನರರಾದರು. ಆ ಕಚೇರಿ ಇದ್ದುದು ನಮ್ಮ ಪುಣೆಯಲ್ಲಿಯೇ.

ಅಧಿಕಾರದ ಕೆಲಸದ ನಡುವೆ ಅವರು ಹಳಗನ್ನಡವನ್ನು ಕಲಿತು ಶಿಲಾಲೇಖ, ತಾಮ್ರಪಟಗಳನ್ನು ಓದತೊಡಗಿದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಅಚ್ಚು ತೆಗೆದು, ಸವೆದ ಅಕ್ಷರವನ್ನು ಊಹೆಯಿಂದ ತುಂಬದೆ ಓದುವುದು ಎಷ್ಟು ತಾಳ್ಮೆಯ ಕೆಲಸ! 1883ರಲ್ಲಿ ಸರಕಾರವು ಅವರನ್ನು ತನ್ನ ಮೊದಲ ಶಾಸನತಜ್ಞರನ್ನಾಗಿ ನೇಮಿಸಿತು.

ಅದಕ್ಕೂ ಮೊದಲೇ, 1882ರಲ್ಲಿ, ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ ಹೊರಬಂದಿತ್ತು. ಕೃಷ್ಣೆಯ ದಕ್ಷಿಣದ ನಾಡನ್ನು ಆಂಗ್ಲರು ಮರಾಠಾ ಪ್ರಭುಗಳ ಮೂಲಕ ಅರಿತುಕೊಂಡದ್ದರಿಂದ, ಸರಕಾರಿ ದಪ್ತರಗಳಲ್ಲಿ ಅದಕ್ಕೆ ದಕ್ಷಿಣ ಮರಾಠಾ ದೇಶವೆಂಬ ಹೆಸರು ಬಿದ್ದಿತ್ತು. ಸರಕಾರದ ನೌಕರರಾಗಿಯೂ ಫ್ಲೀಟರು ಆ ಹೆಸರು ಸಲ್ಲದೆಂದು ಬರೆದರು. ಅಲ್ಲಿಯ ಪ್ರಾಚೀನ ಶಾಸನಗಳು ಸಂಸ್ಕೃತದಲ್ಲಿವೆ, ಇಲ್ಲವೆ ಕನ್ನಡದಲ್ಲಿವೆ. ಹಳೆಯ ಮರಾಠಿ ಶಾಸನವೊಂದೂ ದೊರೆತಿಲ್ಲವೆಂಬುದು ಅವರ ಆಧಾರ.

ಹಾಗೆಂದು ಅವರು ನಮ್ಮ ವಕೀಲರಾಗಿರಲಿಲ್ಲ. ಅವರೇ ಸಂಪಾದಿಸಿದ ಐಹೊಳೆಯ 634ರ ಶಾಸನವು ಬಾದಾಮಿಯ ಪುಲಕೇಶಿಯನ್ನು 99,000 ಹಳ್ಳಿಗಳ ಮೂರು ಮಹಾರಾಷ್ಟ್ರಗಳ ಒಡೆಯನೆಂದು ಹೊಗಳುತ್ತದೆ. ಅರಸರ ಆಳ್ವಿಕೆಯನ್ನು ಹಿಡಿದು ಗಡಿ ಎಳೆಯಹೊರಟರೆ ಪುಣೆಯೇ ಯಾರದೆಂದು ಕೇಳಬೇಕಾದೀತು! ಶಾಸನವು ತನ್ನ ಕಾಲದ ನುಡಿಯನ್ನು ತಿಳಿಸೀತು. ಇಂದು ಆ ಊರಿನ ಮನೆಗಳಲ್ಲಿ ಆಡುವ ನುಡಿಯನ್ನಲ್ಲ. ಈ ಭೇದವನ್ನು ವಾದಿಗಳು ಮರೆಯುತ್ತಾರೆಂದು ನಮಗನಿಸುತ್ತದೆ. ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟರೂ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಫ್ಲೀಟರ ಇನ್ನೊಂದು ಕಾರ್ಯ ನಮಗೆ ಇದಕ್ಕಿಂತಲೂ ಪ್ರಿಯವಾದುದು. ಹಳ್ಳಿಗರ ಬಾಯಲ್ಲಿದ್ದ ಲಾವಣಿಗಳನ್ನು ಬರೆಯಿಸಿಕೊಂಡು, 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅನುವಾದದೊಡನೆ ಅಚ್ಚು ಹಾಕಿಸಿದರು. ಅವು ಯಾರ ಹಾಡುಗಳು? ಆಂಗ್ಲರ ವಿರುದ್ಧ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದು. ಆಯುಧಗಳನ್ನು ಒಪ್ಪಿಸಲಾರೆವೆಂದು 1857ರಲ್ಲಿ ದಂಗೆಯೆದ್ದ ಹಲಗಲಿಯ ಬೇಡರದು. ಸರಕಾರದ ಕಾಗದಗಳು ಬಂಡುಕೋರರೆಂದು ಕರೆದವರ ಕೀರ್ತಿಯನ್ನು ಸರಕಾರದ ಅಧಿಕಾರಿಯೇ ಉಳಿಸಿಕೊಟ್ಟರು.

1897ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಮೇಲೂ ಅವರು ಶಾಸನಗಳನ್ನು ಬಿಡಲಿಲ್ಲ. 1917ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾದುದು ಅದೇ ವರ್ಷ.